ಸೋಸಿದ ನೀರು

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ನನ್ನನ್ನು ನೀರಮ್ಮ ಎನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ, ಮಿದುಳಿಗೆ ಬೇಕಾದ ನೀರನ್ನು ತಯಾರಿಸಿ ಕೊಡುವುದು. ಇಲಿಯ ಮಿದುಳನ್ನು ಉಗುರಿನಷ್ಟು ತೆಳ್ಳಗೆ ಹೋಳು ಮಾಡಿ ಸರಿಯಾದ ನೀರಿನಲ್ಲಿಟ್ಟರೆ ಅದು ಏಳೆಂಟು ಗಂಟೆ ಬದುಕಿರುತ್ತದೆ. ನೀರು ಕೆಟ್ಟರೆ ಅರ್ಧ ಗಂಟೆಯಲ್ಲಿ ಸಾಯುತ್ತದೆ, ಆಮೇಲೆ ಎಷ್ಟು ಓದಿದವರು ಬಂದರೂ ಅದನ್ನು ಎಬ್ಬಿಸಲಾರರು. ಇದನ್ನು ನಾನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿರುತ್ತೇನೆ, ಕೇಳುವವರು ತಲೆಯಾಡಿಸಿ ಮುಂದೆ ಹೋಗುತ್ತಾರೆ.

ನೀರು ಎಂದರೆ ಬರೀ ನೀರಲ್ಲ. ಅದಕ್ಕೆ ಆರು ಬಗೆಯ ಉಪ್ಪು ಬೇಕು, ಚೂರು ಸಕ್ಕರೆ ಬೇಕು. ಎಲ್ಲಕ್ಕಿಂತ ಕೊನೆಗೆ ಹಾಕುವ ಉಪ್ಪು ಕ್ಯಾಲ್ಸಿಯಂ. ಅದನ್ನು ಹಾಕುವ ಮೊದಲು ಸಿಲಿಂಡರಿನ ಗಾಳಿಯನ್ನು ಅರ್ಧ ಗಂಟೆ ನೀರಿನೊಳಗೆ ಗುಳ್ಳೆಗುಳ್ಳೆಯಾಗಿ ಹಾಯಿಸಲೇಬೇಕು. ಹಾಯಿಸದೆ ಹಾಕಿದರೆ ಕ್ಯಾಲ್ಸಿಯಂ ಬೇರೆ ಉಪ್ಪಿನ ಜೊತೆ ಸೇರಿ ಸುಣ್ಣವಾಗಿ ಗಟ್ಟಿಗಟ್ಟುತ್ತದೆ, ನೀರು ಕದಡಿಹೋಗುತ್ತದೆ. ಹೊಸದಾಗಿ ಬಂದವರೆಲ್ಲ ಒಂದು ಸಲವಾದರೂ ಈ ತಪ್ಪು ಮಾಡುತ್ತಾರೆ, ನನ್ನಿಂದ ಬೈಸಿಕೊಳ್ಳುತ್ತಾರೆ. ಈಗ ದೊಡ್ಡ ದೊಡ್ಡ ಕುರ್ಚಿಯಲ್ಲಿ ಕೂತಿರುವ ಮೂರು ಜನರಿಂದ ನಾನು ಇದೇ ಬೆಂಚಿನ ಮುಂದೆ ಕಣ್ಣೀರು ಹಾಕಿಸಿದ್ದೇನೆ. ಅದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ.

ಮಿದುಳಿನ ಕೋಶಗಳು ಮಾತಾಡಿಕೊಳ್ಳುವುದು ಹೇಗೆಂದು ನಾನು ಓದಿ ತಿಳಿದವಳಲ್ಲ, ಪಕ್ಕದಲ್ಲಿ ನಿಂತು ಕೇಳಿಸಿಕೊಂಡವಳು. ಕೋಶ ತನ್ನ ರಾಸಾಯನಿಕವನ್ನು ತಾನೇ ತಯಾರಿಸುತ್ತದೆ. ಅದನ್ನು ಕಣ್ಣಿಗೆ ಕಾಣದ ಚೀಲಗಳಲ್ಲಿ ತುಂಬಿ, ತನ್ನ ತುದಿಯ ಅಂಚಿಗೆ ತಂದು ನಿಲ್ಲಿಸಿಕೊಂಡಿರುತ್ತದೆ. ವಿದ್ಯುತ್ತಿನ ಒಂದು ಮಿಡಿತ ಬಂದಾಗ ಅಂಚಿನ ಬಾಗಿಲು ತೆರೆದು ಹೊರಗಿನ ನೀರಿನಲ್ಲಿರುವ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಆಗ ಚೀಲಗಳು ಅಂಚಿಗೆ ಬೆಸೆದು ಬಾಯಿ ಬಿಡುತ್ತವೆ, ಒಳಗಿದ್ದುದು ಪಕ್ಕದ ಕೋಶದ ಮೇಲೆ ಸುರಿಯುತ್ತದೆ. ನಾವು ನಗುವುದು, ರೇಗುವುದು, ಚಮಚ ಎತ್ತಿ ಬಾಯಿಗಿಡುವುದು ಎಲ್ಲ ನಡೆಯುವುದು ಹೀಗೆಯೇ. ಕ್ಯಾಲ್ಸಿಯಂ ಇಲ್ಲದಿದ್ದರೆ ಮಿಡಿತ ಬರುತ್ತದೆ, ಚೀಲ ತುಂಬಿಯೇ ಇರುತ್ತದೆ, ಆದರೆ ಒಂದು ಹನಿಯೂ ಆಚೆ ಹೋಗುವುದಿಲ್ಲ.

ಮನೆಯಲ್ಲಿರುವುದು ಅಕ್ಕ ಮತ್ತು ನಾನು. ಅಕ್ಕ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಪುಟದಲ್ಲಿ ಒಂದು ಸಾಲು ಬಿಟ್ಟುಹೋಗಿದ್ದರೆ ಮೂಲ ಪ್ರತಿ ನೋಡದೆಯೇ ಹಿಡಿಯುತ್ತಿದ್ದಳು. ಏಳು ವರ್ಷದಿಂದ ಅವಳ ಕೈ ನಡುಗುತ್ತದೆ, ಅಕ್ಷರ ಇರುವೆಯಷ್ಟಾಗಿದೆ, ದನಿ ಇಳಿದು ಪಿಸುಮಾತಾಗಿದೆ. ಮಿದುಳಿನ ನಡುವೆ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಒಂದು ಸಣ್ಣ ಗುಂಪಿನ ಕೋಶಗಳಿರುತ್ತವೆ, ಅವಳಲ್ಲಿ ಅವು ಒಂದೊಂದಾಗಿ ಸಾಯುತ್ತಿವೆ. ದಿನಕ್ಕೆ ಐದು ಸಲ ಮಾತ್ರೆ. ಆ ಮಾತ್ರೆಯನ್ನು ಡೋಪಮಿನ್ ಮಾಡಿ ಸುರಿಯಬೇಕಾದವೂ ಉಳಿದಿರುವ ಆ ಕೋಶಗಳೇ. ಬಾಗಿಲ ಬಳಿ ಬಂದರೆ ಅವಳ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ಅದಕ್ಕೆ ಪ್ರತಿ ಬಾಗಿಲಲ್ಲೂ ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿದ್ದೇನೆ. ಪಟ್ಟಿ ಕಂಡರೆ ಕಾಲು ಎತ್ತಿ ದಾಟುತ್ತಾಳೆ. ಇಷ್ಟು ವರ್ಷ ಇಲಿಗಳ ಮಿದುಳನ್ನು ಬದುಕಿಸಿದ ನನಗೆ ಮನೆಯಲ್ಲಿ ಮಾಡಲು ಸಾಧ್ಯವಾಗಿರುವುದು ಈ ಪಟ್ಟಿ ಅಂಟಿಸುವ ಕೆಲಸ ಮಾತ್ರ. ನೆನೆದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ಎರಡು ತಿಂಗಳ ಹಿಂದೆ ಡಾಕ್ಟರು ಅಕ್ಕನನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೇ ಕೆಲವು ಮಾತು ಹೇಳಿದರು. ನಾನು ಆಚೆ ಬಂದು, ಇದೇ ಮಾತ್ರೆಯನ್ನು ಮುಂದುವರಿಸಬೇಕಂತೆ ಎಂದು ಅಕ್ಕನಿಗೆ ಹೇಳಿದೆ. ಅದೇನೂ ಸುಳ್ಳಲ್ಲ. ಬೇಡದ ಭಾಗವನ್ನು ತೆಗೆದಿಟ್ಟು ಹೇಳಿದ್ದೆ, ಅಷ್ಟೆ. ಅಕ್ಕ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆವು.

ಇನ್ನು ಗಡಿಬಿಡಿಯ ವಿಷಯ. ಅವಳು ನಮ್ಮಲ್ಲಿ ಸಂಶೋಧನೆಗೆಂದು ಬಂದು ಐದು ವರ್ಷವಾದ ಹುಡುಗಿ. ನಡೆಯುವಾಗ ಕುರ್ಚಿಗೆ ಡಿಕ್ಕಿ, ಮಾತಾಡುವಾಗ ಅರ್ಧ ಪದ ನುಂಗುತ್ತಾಳೆ, ಅದಕ್ಕೆ ಆ ಹೆಸರು. ಮೊದಲ ನಾಲ್ಕು ವರ್ಷ ಅವಳು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಏನು ಮಾಡಿದರೂ ಫಲಿತಾಂಶವಿಲ್ಲ. ಮದುವೆಯಾದ ತಂಗಿಗೆ ಎರಡನೆಯ ಮಗುವಾಯಿತು, ಇವಳದು ಇನ್ನೂ ಮೊದಲನೆಯ ಅಧ್ಯಾಯ ಎಂದು ಅವಳೇ ನಗುತ್ತಿದ್ದಳು. ಒಂದು ದಿನ ಶೀತಲ ಕೋಣೆಯ ಬಾಗಿಲು ತೆಗೆದಾಗ ಅಲ್ಲಿ ಕೂತು ಅಳುತ್ತಿದ್ದಳು. ಅಳೋದಾದ್ರೆ ಬೆಚ್ಚಗಿರೋ ಕಡೆ ಅಳು ಎಂದು ಗದರಿ ನನ್ನ ಕೋಣೆಗೆ ಕರೆತಂದು ಚಹಾ ಕೊಟ್ಟೆ. ಅಂದಿನಿಂದ ಅವಳ ಬಾಟಲಿಗಳ ಮೇಲೆ ನನಗೆ ಸ್ವಲ್ಪ ಹೆಚ್ಚು ಅಕ್ಕರೆ.

ಐದನೆಯ ವರ್ಷ ಪ್ರೊಫೆಸರು ಅವಳಿಗೆ ಒಂದು ಬೇರಿನ ರಸ ಕೊಟ್ಟರು. ಫಿಟ್ಸ್ ಬರುವವರ ಮಿದುಳಿನಲ್ಲಿ ಕೋಶಗಳೆಲ್ಲ ಒಟ್ಟಿಗೇ ರಾಸಾಯನಿಕ ಸುರಿಯುತ್ತವೆ. ಅದನ್ನು ತಡೆಯುವ ಗುಣ ಈ ಬೇರಿಗಿದೆಯೇ ಎಂದು ನೋಡಬೇಕಿತ್ತು. ಬೇರಿನ ರಸ ಹಾಕದ ನೀರು ಒಂದು ಬಾಟಲಿ, ಹಾಕಿದ ನೀರು ಇನ್ನೊಂದು ಬಾಟಲಿ. ಎರಡನ್ನೂ ನಾನೇ ತಯಾರಿಸುತ್ತಿದ್ದೆ. ಪೇಚಾಟವಾದದ್ದು ಎರಡನೆಯದರಲ್ಲಿ. ಗಾಳಿ ಹಾಯಿಸಿದ ಕೂಡಲೇ ಬೇರಿನ ನೀರು ಸಾಬೂನಿನ ಹಾಗೆ ನೊರೆಯೆದ್ದು, ಬಾಟಲಿಯಿಂದ ಉಕ್ಕಿ, ಬೆಂಚು ದಾಟಿ ನನ್ನ ಚಪ್ಪಲಿಯವರೆಗೆ ಬಂತು. ನಾನು ಯೋಚನೆ ಮಾಡಿ ಒಂದು ಉಪಾಯ ಕಂಡುಕೊಂಡೆ. ಎಲ್ಲ ಉಪ್ಪನ್ನೂ ಮೊದಲೇ ಹಾಕಿಬಿಡುವುದು, ಬೇರಿನಿಂದ ಬರುವ ಮಡ್ಡಿಯನ್ನು ಸೋಸು ಕಾಗದದಲ್ಲಿ ಸೋಸುವುದು, ಆಮೇಲೆ ಗಾಳಿಯನ್ನು ಮೇಲುಮೇಲೆ ಮೆಲ್ಲಗೆ ಬಿಡುವುದು. ನೀರು ತಿಳಿಯಾಗಿ ಬಂತು. ಕದಡಿದ ನೀರನ್ನು ನಾನು ಯಾರ ಕೈಗೂ ಕೊಟ್ಟವಳಲ್ಲ.

ಆ ನೀರಿನಿಂದ ಗಡಿಬಿಡಿಯ ಹಣೆಬರಹ ಬದಲಾಯಿತು. ಬೇರಿನ ನೀರು ಮಿದುಳಿನ ಹೋಳಿನ ಮೇಲೆ ಹರಿದ ಹತ್ತು ನಿಮಿಷಕ್ಕೆ ಯಂತ್ರದ ತೆರೆಯ ಮೇಲಿನ ಹಸಿರು ಗೆರೆ ಚಪ್ಪಟೆಯಾಗುತ್ತಿತ್ತು, ಅಂದರೆ ಕೋಶ ಸುರಿಯುವುದನ್ನು ನಿಲ್ಲಿಸುತ್ತಿತ್ತು. ಮೊದಲ ಬಾಟಲಿಯ ನೀರು ಮತ್ತೆ ಹರಿಸಿದರೆ ಗೆರೆ ಎದ್ದು ಕೂರುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಕ್ಯಾಲ್ಸಿಯಂ ಒಳಹೋಗುವ ಬಾಗಿಲನ್ನೇ ಈ ಬೇರು ಮುಚ್ಚುತ್ತಿದೆ ಎಂದು ಪ್ರೊಫೆಸರು ತೀರ್ಪು ಕೊಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಅವರು, ಆದರೆ ನನ್ನ ಬಾಯಿಗೂ ಆಗ ಬೀಗ ಬಿದ್ದಿತ್ತು. ಹುಡುಗಿ ಆರು ತಿಂಗಳು ಹಾಡಿಕೊಂಡೇ ಕೆಲಸ ಮಾಡಿದಳು. ಹೊರಗಿನಿಂದ ಮೂವರು ಪರೀಕ್ಷಕರು ಬಂದು ಅವಳ ಕೆಲಸ ನೋಡುವ ಶುಕ್ರವಾರವೂ ಗೊತ್ತಾಯಿತು. ಅವರು ಒಪ್ಪಿದರೆ ಅವಳ ಪದವಿ ಮುಗಿದಂತೆ, ಬೇರು ಆಸ್ಪತ್ರೆಯವರ ಕೈಗೆ ಹೋದಂತೆ.

ನನ್ನ ನಿವೃತ್ತಿಗೆ ಆಗ ಹದಿನೆಂಟು ದಿನ ಉಳಿದಿತ್ತು. ನನ್ನ ಕೈಗುಣವನ್ನೆಲ್ಲ ಕಾಗದಕ್ಕಿಳಿಸಿ ಕೊಡಬೇಕೆಂದು ಕಚೇರಿಯಿಂದ ಚೀಟಿ ಬಂದಿತ್ತು. ಮಂಗಳವಾರ ಮಧ್ಯಾಹ್ನ ಬರೆಯಲು ಕೂತೆ. ಮೊದಲ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದೆ: ಗಾಳಿ ಹಾಯಿಸದೆ ಕ್ಯಾಲ್ಸಿಯಂ ಹಾಕಕೂಡದು. ಅದರ ಕೆಳಗೆ ಎರಡು ಗೆರೆ ಎಳೆದೆ. ಒಂದೊಂದೇ ಬಾಟಲಿಯ ಕ್ರಮ ಬರೆಯುತ್ತ ಬೇರಿನ ನೀರಿಗೆ ಬಂದು, ಎಲ್ಲ ಉಪ್ಪು ಹಾಕಿ, ಸೋಸಿ, ಆಮೇಲೆ ಗಾಳಿ ಬಿಡುವುದು ಎಂದು ಬರೆದೆ. ಎಲ್ಲ ಉಪ್ಪು ಎಂದಮೇಲೆ ಅದರಲ್ಲಿ ಕ್ಯಾಲ್ಸಿಯಂ ಕೂಡ ಇತ್ತು. ಪೆನ್ನು ಅಲ್ಲೇ ನಿಂತಿತು.

ಎದ್ದು ಕಸದ ಬುಟ್ಟಿಯಿಂದ ಬೆಳಗಿನ ಸೋಸು ಕಾಗದವನ್ನು ತೆಗೆದೆ. ಬೇರಿನ ರಸ ಕಂದು ಬಣ್ಣದ್ದು, ಕಾಗದದ ಮೇಲಿದ್ದುದು ಬಿಳಿ. ಆರು ತಿಂಗಳು ಆ ಬಿಳಿಯನ್ನು ಕಂಡೂ ಬೇರಿನ ಮಡ್ಡಿ ಎಂದು ಎಸೆದಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಿಕೊಟ್ಟ ಅಮ್ಮನಿಗೆ ನಾನು ಮಗಳಾಗಿದ್ದು ದಂಡ. ಅದರ ಮೇಲೆ ಒಂದು ಹನಿ ಆಮ್ಲ ಬಿಟ್ಟೆ. ಸುಣ್ಣದ ಮೇಲೆ ಬಿದ್ದ ಹಾಗೆ ಸುಯ್ ಎಂದು ನೊರೆಯೆದ್ದಿತು. ಸೋಸುತ್ತ ಸೋಸುತ್ತ ನಾನು ಕ್ಯಾಲ್ಸಿಯಂ ಅನ್ನೇ ತೆಗೆದು ಬಿಸಾಡುತ್ತಿದ್ದೆ. ಬೇರು ಯಾವ ಬಾಗಿಲನ್ನೂ ಮುಚ್ಚಿರಲಿಲ್ಲ, ಬಾಗಿಲಲ್ಲಿ ಒಳಹೋಗಲು ಯಾರೂ ಇರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತು.

ಆ ಸಂಜೆ ಹೇಳಲಿಲ್ಲ. ಬುಧವಾರ ಮೂರು ಸಲ ಅವಳ ಮೇಜಿನವರೆಗೆ ಹೋದೆ. ಮೊದಲ ಸಲ ಅವಳು ಫೋನಿನಲ್ಲಿ ತಾಯಿಗೆ, ಶುಕ್ರವಾರ ಎಲ್ಲ ಮುಗಿಯುತ್ತೆ, ಆಮೇಲೆ ಮನೆಗೆ ಬಂದು ಒಂದು ತಿಂಗಳು ಮಲಗ್ತೀನಿ ಎನ್ನುತ್ತಿದ್ದಳು. ಎರಡನೆಯ ಸಲ ಕನ್ನಡಕ ಹಣೆಗೇರಿಸಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು. ಮೂರನೆಯ ಸಲ ನನ್ನನ್ನು ಕಂಡು ಎದ್ದು, ತನ್ನ ಪ್ರಬಂಧದ ಕೊನೆಗೆ ಎಲ್ಲರಿಗೂ ವಂದನೆ ಹೇಳುವ ಪುಟದಲ್ಲಿ ನಿಮ್ಮ ಸಾಲೇ ಮೊದಲು ಎಂದು ತೋರಿಸಿದಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ತಿರುಗಿ ಬಂದೆ.

ಸುಮ್ಮನಿರಲು ನನಗೆ ಕಾರಣಗಳು ಧಾರಾಳವಾಗಿದ್ದವು. ನಾನು ಹೋಗುವವಳು, ನನ್ನ ತಪ್ಪು ನನ್ನೊಂದಿಗೇ ಹೋಗುತ್ತದೆ. ಇಪ್ಪತ್ತಾರು ವರ್ಷ ಒಂದು ಬಾಟಲಿಯನ್ನೂ ಕೆಡಿಸಲಿಲ್ಲ ಎಂಬ ಹೆಸರು ಇದೆ, ಇನ್ನು ಕೆಲವು ದಿನ ಅದೂ ಇರಲಿ. ಹುಡುಗಿಯ ಬದುಕು ಈಗ ದಡ ಹತ್ತುತ್ತಿದೆ, ನಾನೇಕೆ ಕಾಲೆಳೆಯಲಿ. ಆದರೆ ಎಷ್ಟು ಸಲ ಲೆಕ್ಕ ಹಾಕಿದರೂ ಕೊನೆಯಲ್ಲಿ ಫಿಟ್ಸ್ ಬರುವ ಒಂದು ಮಗು ಬಂದು ನಿಲ್ಲುತ್ತಿತ್ತು. ಅದರ ಬಾಯಿಗೆ ಯಾರೋ ಈ ಬೇರಿನ ರಸ ಹಾಕುತ್ತಿದ್ದರು, ಮಗುವಿಗೆ ಏನೂ ಆಗುತ್ತಿರಲಿಲ್ಲ, ಫಿಟ್ಸ್ ಬರುತ್ತಲೇ ಇತ್ತು.

ರಾತ್ರಿಯ ಊಟಕ್ಕೆ ಕೂತಾಗ ನನ್ನ ತಟ್ಟೆ ಹಾಗೇ ಇರುವುದನ್ನು ಅಕ್ಕ ನೋಡಿದಳು. ಏನು ಎಂದು ಹುಬ್ಬಿನಲ್ಲೇ ಕೇಳಿದಳು. ಒಂದು ಬಾಟಲಿ ಕೆಟ್ಟಿತು ಎಂದೆ. ಒಂದೇ ಬಾಟಲಿಗೆ ಇಷ್ಟು ಮುಖ ಮಾಡೋಳಲ್ಲ ನೀನು ಎಂದು ಅವಳು ಪಿಸುಗುಟ್ಟಿದಳು. ನಾನು ಮಾತ್ರೆಯ ಡಬ್ಬಿ ತರುವ ನೆಪದಲ್ಲಿ ಎದ್ದುಹೋದೆ.

ಗುರುವಾರ ಬೆಳಿಗ್ಗೆ ಗಡಿಬಿಡಿಯನ್ನು ನನ್ನ ಕೋಣೆಗೆ ಕರೆದು ಬಾಗಿಲು ಹಾಕಿದೆ. ಸೋಸು ಕಾಗದವನ್ನು ಮೇಜಿನ ಮೇಲಿಟ್ಟು, ಏನನ್ನೂ ಹೇಳದೆ ಆಮ್ಲದ ಹನಿ ಬಿಟ್ಟೆ. ಅವಳು ಓದಿದವಳು. ನೊರೆ ಏಳುವುದನ್ನು ನೋಡಿದ ಮೇಲೆ ಬಿಡಿಸಿ ಹೇಳಬೇಕಾಗಲಿಲ್ಲ. ನನ್ನ ಸ್ಟೂಲನ್ನು ಎಳೆದು ಕೂತಳು. ಯಾವುದಕ್ಕೂ ಡಿಕ್ಕಿ ಹೊಡೆಯದೆ ಅವಳು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಎಷ್ಟು ಬಾಟಲಿ ಹೀಗೆ ಮಾಡಿದ್ದೀರಿ?" ಎಂದಳು.

"ಎಲ್ಲಾನೂ. ನಲವತ್ತೊಂದು."

"ಯಾಕೆ ಹೇಳಿದ್ರಿ? ಹೇಳ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಮಗುವಿನ ವಿಷಯ ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಬೇರೆ.

"ಅದು ನನ್ನ ನೀರು," ಎಂದೆ. "ತಪ್ಪಾಯ್ತು ಮಗಳೇ."

ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ ಆ ಮಾತನ್ನು ಬೇರೆಯವರ ಬಾಯಿಂದ ಎಷ್ಟೋ ಸಲ ಹೇಳಿಸಿದ್ದೇನೆ. ನಾನು ಹೇಳಿದ್ದು ಅದೇ ಮೊದಲು. ಹುಡುಗಿ ಅಳುತ್ತಾಳೆ, ಕಿರುಚುತ್ತಾಳೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕಣ್ಣುಜ್ಜಿಕೊಂಡು, ಸರಿಯಾಗಿ ಒಂದು ಬಾಟಲಿ ಮಾಡಿಕೊಡಿ, ಇವತ್ತೇ ನೋಡಿಬಿಡೋಣ ಎಂದಳು.

ಮಾಡಿಕೊಟ್ಟೆ. ನೊರೆ ಉಕ್ಕದಂತೆ ಗಾಳಿಯನ್ನು ಒಂದೊಂದೇ ಗುಳ್ಳೆಯಾಗಿ ಬಿಡುತ್ತ ಎರಡು ಗಂಟೆ ಬಾಟಲಿಯ ಮುಂದೆ ನಿಂತೆ. ಕಾಲು ಕಂಬವಾಯಿತು. ಆಮೇಲೆ ಕ್ಯಾಲ್ಸಿಯಂ ಹಾಕಿದೆ, ನೀರು ಕದಡಲಿಲ್ಲ. ಮೊದಲ ದಿನವೇ ಈ ಎರಡು ಗಂಟೆಯ ತಾಳ್ಮೆ ನನಗಿದ್ದರೆ ಅವಳ ಆರು ತಿಂಗಳು ಉಳಿಯುತ್ತಿತ್ತು. ಬಾಟಲಿಯನ್ನು ಯಂತ್ರಕ್ಕೆ ಜೋಡಿಸಿ ಇಬ್ಬರೂ ತೆರೆಯ ಮುಂದೆ ಕೂತೆವು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಗೆರೆ ಬೀಳಲಿಲ್ಲ. ಬೇರಿನ ರಸ ಹರಿಯುತ್ತಲೇ ಇತ್ತು, ಕೋಶಗಳು ತಮ್ಮ ಪಾಡಿಗೆ ತಾವು ತುಂಬುತ್ತ ಸುರಿಯುತ್ತ ಇದ್ದವು. ಬೇರಿಗೆ ಯಾವ ಗುಣವೂ ಇರಲಿಲ್ಲ. ಹುಡುಗಿ ತೆರೆಯನ್ನು ಆರಿಸಿ, ಎಷ್ಟು ಆರೋಗ್ಯವಾಗಿವೆ ನೋಡಿ ದರಿದ್ರದವು ಎಂದಳು. ನಾವಿಬ್ಬರೂ ನಕ್ಕೆವು, ನಗುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಪ್ರೊಫೆಸರ ಕೋಣೆಗೆ ಒಟ್ಟಿಗೆ ಹೋದೆವು. ನಾವು ಸೋಸಿದ್ದೆವು, ಅದರಲ್ಲಿ ಕ್ಯಾಲ್ಸಿಯಂ ಹೋಗಿದೆ ಎಂದು ಹುಡುಗಿ ಶುರುಮಾಡಿದಳು. ನಾವಲ್ಲ, ನಾನು ಎಂದು ನಾನು ತಿದ್ದಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರು ಇಲ್ಲಿ ವಿದ್ಯಾರ್ಥಿಯಾಗಿದ್ದಾಗ ಇದೇ ತಪ್ಪಿಗೆ ನಾನು ಅವರ ಕೈಯಿಂದ ಬಾಟಲಿ ಕಿತ್ತುಕೊಂಡಿದ್ದೆ.

"ನೀವಾ?" ಎಂದರು, ಅಷ್ಟೆ.

ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಆ ಒಂದು ಮಾತಿಗೆ ನನ್ನ ಇಪ್ಪತ್ತಾರು ವರ್ಷ ಮುಗಿಯಿತು ಎನ್ನಿಸಿತು. ಶುಕ್ರವಾರ ಹುಡುಗಿ ಪರೀಕ್ಷಕರ ಮುಂದೆ ನಿಂತು, ಬೇರು ಏನೂ ಮಾಡುವುದಿಲ್ಲ, ನಾವು ಏಮಾರಿದ್ದು ಹೀಗೆ ಎಂದು ನೊರೆಯಿಂದ ಹಿಡಿದು ಸೋಸು ಕಾಗದದವರೆಗೆ ಎಲ್ಲವನ್ನೂ ಹೇಳಿದಳಂತೆ. ಇನ್ನೊಂದು ವರ್ಷ ಕೆಲಸ ಮಾಡಿ ಬರಲು ಹೇಳಿದರಂತೆ. ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ತಲೆ ತೂರಿಸಿ, ಸೋಮವಾರಕ್ಕೆ ಎರಡು ಲೀಟರ್ ನೀರು ಬೇಕು ಎಂದಳು. ಬೇರೆ ಯಾರಾದರೂ ಮಾಡಿಕೊಡಲಿ ಎಂದೆ. ನಿಮ್ಮದೇ ಬೇಕು ಎಂದು ಹೊರಟಳು, ಹೋಗುವಾಗ ಬಾಗಿಲಿಗೆ ಭುಜ ತಾಗಿಸಿಕೊಂಡಳು.

ಮನೆಗೆ ಬಂದಾಗ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡು ನಿಂತಿದ್ದಳು. ಹಳದಿ ಪಟ್ಟಿಯ ಒಂದು ತುದಿ ಎದ್ದಿತ್ತು. ನಾನು ಪಟ್ಟಿಯ ಜಾಗದಲ್ಲಿ ನನ್ನ ಪಾದ ಅಡ್ಡ ಇಟ್ಟೆ, ಅವಳು ಅದನ್ನು ದಾಟಿ ಬಂದಳು. ಕುರ್ಚಿಯಲ್ಲಿ ಕೂರಿಸಿ, ಆರು ಗಂಟೆಯ ಮಾತ್ರೆ ಕೊಟ್ಟು, ನಾನೂ ಪಕ್ಕದಲ್ಲಿ ಕೂತೆ. ಈ ಸಲ ಎಲ್ಲವನ್ನೂ ಹೇಳಿದೆ. ನೊರೆ, ಸೋಸಿದ್ದು, ಬಿಳಿ ಪುಡಿ, ನಲವತ್ತೊಂದು ಬಾಟಲಿ, ನೀವಾ ಎಂದದ್ದು. ಕೊಳೆ ಎಂದುಕೊಂಡು ಬೇಕಾದದ್ದನ್ನೇ ಬಿಸಾಕಿದೆ ಕಣೆ ಎಂದೆ. ಅಕ್ಕನ ಮುಖದಲ್ಲಿ ಈಗ ಏನೂ ಕಾಣಿಸುವುದಿಲ್ಲ, ಕೇಳುತ್ತಿದ್ದಾಳೋ ಇಲ್ಲವೋ ಎಂದು ತಿಳಿಯಲು ಅವಳ ಕಣ್ಣನ್ನೇ ನೋಡಬೇಕು. ಕಣ್ಣು ನನ್ನ ಮೇಲೇ ಇತ್ತು.

ನಾನು ಮುಗಿಸಿದ ಮೇಲೆ ಅವಳ ತುಟಿ ಅಲುಗಿತು. ಕೇಳಿಸಲಿಲ್ಲ. ಕಿವಿಯನ್ನು ಹತ್ತಿರ ತಂದೆ.

"ಡಾಕ್ಟ್ರು ಹೇಳಿದ್ರಲ್ಲ ಅವತ್ತು," ಎಂದಳು. "ಅದನ್ನೂ ಸೋಸ್ದೆ ಹೇಳು."

ಮೂವತ್ತು ವರ್ಷ ಬಿಟ್ಟುಹೋದ ಸಾಲುಗಳನ್ನು ಹಿಡಿದವಳ ಮುಂದೆ ನಾನು ಎರಡು ತಿಂಗಳು ಜಾಣತನ ತೋರಿಸಿದ್ದೆ. ಹೇಳಿದೆ. ಮಾತ್ರೆ ಹೆಚ್ಚಿಸಿ ಇನ್ನು ಪ್ರಯೋಜನವಿಲ್ಲ, ಅದನ್ನು ಬಳಸಿಕೊಳ್ಳುವ ಕೋಶಗಳು ಬಹಳ ಕಡಿಮೆ ಉಳಿದಿವೆ. ವರ್ಷದೊಳಗೆ ನಡಿಗೆ ನಿಲ್ಲಬಹುದು. ನುಂಗುವುದು ಕಷ್ಟವಾಗಬಹುದು. ಮಾತು ಪೂರ್ತಿ ಹೋಗಬಹುದು, ಹೇಳಬೇಕಾದ್ದೇನಾದರೂ ಇದ್ದರೆ ಈಗಲೇ ಹೇಳಿಸಿಕೊಳ್ಳಿ ಎಂದಿದ್ದರು.

ಅಕ್ಕ ನಡುಗುವ ಕೈಯನ್ನು ಎತ್ತಿ ನನ್ನ ಮೊಣಕಾಲ ಮೇಲಿಟ್ಟಳು. ಅಷ್ಟು ದೂರ ತರಲು ಅವಳಿಗೆ ಸಮಯ ಹಿಡಿಯಿತು. ಏನೋ ಹೇಳಿದಳು, ನಾನು ಮತ್ತೆ ಬಗ್ಗಿದೆ.

"ಎರಡು ತಿಂಗಳಿಂದ ಒಬ್ಳೇ ಹೊತ್ಕೊಂಡಿದ್ದೀಯ," ಎಂದಳು. "ಸುಸ್ತಾಗಿರ್ಬೇಕು ನಿಂಗೆ."